ಬದುಕಿರುವ ಸುದ್ದಿ

ದುಂಡವ್ವನ ಮನೆಗೆ ಮೂರು ತಿಂಗಳಿಗೊಮ್ಮೆ ಆಫ್ರಿಕಾದ ಪಿಂಚಣಿ ಬರುತ್ತಿತ್ತು. ಅದು ಬಂದ ದಿನ ಉದ್ದವ್ವ ಉಣ್ಣುತ್ತಿರಲಿಲ್ಲ.

ಮನೆಯಲ್ಲಿ ಉಣ್ಣಲಿಕ್ಕೆ ಏನೂ ಇರಲಿಲ್ಲ ಎಂದಲ್ಲ. ನುಚ್ಚು ಇರುತ್ತಿತ್ತು, ಪುಂಡಿಪಲ್ಯೆ ಇರುತ್ತಿತ್ತು. ಆದರೆ ಟಪಾಲಿನವನ ಸೈಕಲ್ಲು ಕುರುಬರ ಓಣಿಗೆ ತಿರುಗಿದ್ದು ಕಂಡರೆ ಸಾಕು, ಅವಳು ತಾಟು ಸರಿಸಿ ಏಳುತ್ತಿದ್ದಳು. ದುಂಡವ್ವ ನಾಳೆ ಯಾವ ಸೀರೆ ಉಡುತ್ತಾಳೆ, ಗಂಡನ ತಾಟಿಗೆ ಎಷ್ಟು ತುಪ್ಪ ಸುರಿಯುತ್ತಾಳೆ, ಬೆಲ್ಲದ ಪೆಂಟೆಯನ್ನು ಎಲ್ಲಿ ಬಚ್ಚಿಡುತ್ತಾಳೆ, ಎಲ್ಲವನ್ನೂ ಉದ್ದವ್ವ ಕೂತಲ್ಲೇ ನೋಡುತ್ತಿದ್ದಳು. ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಒಮ್ಮೆ ದುಂಡವ್ವನ ಬಳೆಯ ಸದ್ದು ಕನಸಿನಲ್ಲಿ ಕೇಳಿ ಎದ್ದು ಕೂತಿದ್ದಳು.

ಇಬ್ಬರ ಗಂಡಂದಿರೂ ಒಂದೇ ಹಡಗಿನಲ್ಲಿ ಹೋಗಿದ್ದರು. ಒಂದೇ ಹಡಗಿನಲ್ಲಿ ತಿರುಗಿ ಬಂದಿದ್ದರು. ನಡುವಿನ ಹದಿನೆಂಟು ವರ್ಷ ಮೊಂಬಾಸಾ ಬಂದರಿನ ಒಂದೇ ರೈಲು ಶೆಡ್ಡಿನಲ್ಲಿ ದುಡಿದಿದ್ದರು. ದುಂಡವ್ವನ ಗಂಡ ಖಂಡೆಪ್ಪ ಎಂಜಿನ್ನಿಗೆ ಕಲ್ಲಿದ್ದಲು ತುಂಬುತ್ತಿದ್ದ. ಉದ್ದವ್ವನ ಗಂಡ ಗುಡ್ಡಪ್ಪ ಎಂಜಿನ್ನಿನ ಹೊಟ್ಟೆಯೊಳಗೇ ಇಳಿಯುತ್ತಿದ್ದ. ಬಾಯ್ಲರಿನಲ್ಲಿ ನೀರು ಕುದ್ದು ಕುದ್ದು ಗೋಡೆಗೆ ಸುಣ್ಣದ ಹೆಪ್ಪು ಕೂಡುತ್ತಿತ್ತು. ಅದನ್ನು ಸುತ್ತಿಗೆಯಿಂದ ಬಡಿದು ಬಡಿದು ಕೆತ್ತಬೇಕು. ಒಂದು ಮೈ ನುಸುಳುವಷ್ಟೇ ತೂತು. ಉಸಿರು ಎಳೆದರೆ ಸುಣ್ಣ. ಬಡಿದರೆ ತಲೆಯೊಳಗೆ ಗಂಟೆ. ಹದಿನೆಂಟು ವರ್ಷದಲ್ಲಿ ಅವನ ಕಿವಿ ಅರ್ಧ ಹೋಯಿತು, ಉಸಿರು ಅರ್ಧ ಹೋಯಿತು. ಉಳಿದ ಅರ್ಧ ಮನುಷ್ಯ ಊರಿಗೆ ಬಂದು ಬೇವಿನ ಬುಡಕ್ಕೆ ಕೂತು ಹಗ್ಗ ಹೊಸೆಯುತ್ತಿದ್ದ.

ಖಂಡೆಪ್ಪನ ಪಿಂಚಣಿ ಮೂರು ವರ್ಷದಿಂದ ಬರುತ್ತಿತ್ತು. ಗುಡ್ಡಪ್ಪನದು ಒಮ್ಮೆಯೂ ಬಂದಿರಲಿಲ್ಲ. ಖಂಡೆಪ್ಪ ಕುರುಬ. ಗುಡ್ಡಪ್ಪ ಮಹಾರ. ಉದ್ದವ್ವನಿಗೆ ಮೊದಲು ಇದೇ ಕಾರಣ ಅನಿಸಿತ್ತು.

"ಸಮುದ್ರದ ಆಚಿನೂ ನಮ್ಮ ಜಾತಿ ಕೇಳ್ಯಾರೇನ್ರಿ?" ಎಂದು ಗಂಡನ ಕಿವಿಗೆ ಬಾಯಿ ಹಚ್ಚಿ ಕೂಗಿದ್ದಳು.

"ಅಲ್ಲಿ ಯಾರೂ ಕೇಳೂದಿಲ್ಲ. ಅಲ್ಲಿ ನಾವೆಲ್ಲಾರೂ ಬರೇ ಕೂಲಿ ಮಂದಿ," ಅಂದಿದ್ದ ಗುಡ್ಡಪ್ಪ.

ನಿಜವಾದ ಕಾರಣ ತಿಳಿದದ್ದು ಐವತ್ತೊಂಬತ್ತನೆಯ ಇಸವಿಯ ಸಂಕ್ರಾಂತಿಯ ಮರುವಾರ. ಆಫ್ರಿಕಾದಿಂದ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಕೇರಿಯ ಕೇದಾರಿ ಗೋಕಾಕದ ಗಿರಣಿಯಲ್ಲಿ ದುಡಿಯುತ್ತಿದ್ದ. ಅವನು ಅದನ್ನು ವಕೀಲರೊಬ್ಬರ ಹತ್ತಿರ ಒಯ್ದು, ಅದರ ಬೆನ್ನಿಗೆ ಕನ್ನಡದಲ್ಲಿ ಬರೆಸಿಕೊಂಡು ಬಂದ. ಏಳನೆಯ ಇಯತ್ತೆ ಮುಗಿಸಿ ಮುಲ್ಕಿ ಪಾಸಾಗಿದ್ದ ಮಗಳು ಪದ್ಮವ್ವ ಗಟ್ಟಿಯಾಗಿ ಓದಿದಳು.

ಆ ದೇಶದಲ್ಲಿ ದುಡಿಯುವ ಪರದೇಶದ ಪ್ರತಿಯೊಬ್ಬನೂ ವರ್ಷಕ್ಕೊಮ್ಮೆ ತಲೆಪಟ್ಟಿ, ಅಂದರೆ ತಲೆಗಿಷ್ಟು ಎಂಬ ಕಂದಾಯ, ತುಂಬಬೇಕು. ಗುಡ್ಡಪ್ಪ ಎಂಬುವವನು ಕಡೆಯ ಎರಡು ವರ್ಷದ ಪಟ್ಟಿ ತುಂಬದೆ ದೇಶ ಬಿಟ್ಟಿದ್ದಾನೆ. ತುಂಬಿದ್ದರೆ ರಸೀದಿ ತೋರಿಸಬೇಕು. ರಸೀದಿ ಕಳೆದಿದ್ದರೆ, ಆಗ ಜೊತೆಗೆ ನಿಂತು ತುಂಬಿದವನೊಬ್ಬ ತಾಲೂಕಿನ ಮಾಮಲೇದಾರನಂಥ ಸರಕಾರಿ ಅಧಿಕಾರಿಯ ಮುಂದೆ ಸಾಕ್ಷಿ ಹೇಳಬೇಕು. ಇದಲ್ಲದೆ ಗುಡ್ಡಪ್ಪ ಎಂಬುವವನು ಇನ್ನೂ ಬದುಕಿದ್ದಾನೆ ಎಂದು ಊರಿನ ಅಧಿಕಾರಿ ಸಹಿ ಮಾಡಬೇಕು. ಅದಕ್ಕೊಂದು ಅಚ್ಚಿನ ಹಾಳೆ ಜೊತೆಗಿತ್ತು. ಎಲ್ಲವೂ ಮಾರ್ಚ್ ಮುಗಿಯುವುದರೊಳಗೆ ಆಗಬೇಕು. ಆಮೇಲೆ ಪಿಂಚಣಿಯ ಹಕ್ಕೇ ಇಲ್ಲ.

ಗುಡ್ಡಪ್ಪ ನಿರಾಳವಾಗಿ ಉಸಿರು ಬಿಟ್ಟ. "ಇಷ್ಟ ಹೌದಲ್ಲ? ಅಷ್ಟೂ ವರ್ಷದ್ದು ತುಂಬೇನಿ. ರಸೀದಿ ಎಲ್ಲಾ ನಿನಗ ಕಳಿಸೇನಲ್ಲ. ತಗೊಂಬಾ."

ಉದ್ದವ್ವ ಏಳಲಿಲ್ಲ.

ಅವನು ವರ್ಷ ವರ್ಷವೂ ರಸೀದಿಯನ್ನು ಪಾಕೀಟಿನಲ್ಲಿ ಹಾಕಿ ಕಳಿಸುತ್ತಿದ್ದದ್ದು ಖರೆ. ಜ್ವಾಕಿ ಇಡು ಎಂದು ಬರೆಸುತ್ತಿದ್ದದ್ದೂ ಖರೆ. ಅವಳು ಎಲ್ಲಿ ಇಡಬೇಕು? ಸೂರಿನಿಂದ ನೀರು ಇಳಿಯುತ್ತಿತ್ತು. ಗೋಡೆಯಿಂದ ಇಲಿ ಇಳಿಯುತ್ತಿತ್ತು. ಆ ಗುಡಿಸಲಿನಲ್ಲಿ ನೀರು, ಇಲಿ, ಕುಡಿದು ಬಂದ ಮೈದುನನ ಕೈ ಯಾವುದೂ ಹೋಗದ ಜಾಗ ಒಂದೇ. ದೇವರ ಬುಟ್ಟಿ. ಲಗಮವ್ವನ ಬೆಳ್ಳಿ ಮುಖದ ಅಡಿಗೆ, ಭಂಡಾರದ ಚೀಲದ ಪಕ್ಕಕ್ಕೆ ಅವನ್ನು ಮಡಿಸಿ ಇಟ್ಟಿದ್ದಳು. ರಸೀದಿಯ ಮೇಲೆ ಕಿರೀಟದ ಛಾಪು ಇತ್ತು. ಅದೂ ಯಾವುದೋ ದೇವರೇ ಇರಬೇಕೆಂದು ಮಂಗಳವಾರ ಲೋಬಾನ ಹಾಕುವಾಗ ಅದಕ್ಕೂ ಹೊಗೆ ತೋರಿಸುತ್ತಿದ್ದಳು.

ಎರಡು ವರ್ಷದ ಹಿಂದೆ ಕೇರಿಗೆ ಕೇರಿಯೇ ಬುದ್ಧನ ಹಾದಿ ಹಿಡಿಯಿತು. ಚಕ್ಕಡಿ ಕಟ್ಟಿಕೊಂಡು ಎಲ್ಲರೂ ಧುಪದಾಳದ ಒಡ್ಡಿಗೆ ಹೋದರು. ಇನ್ನು ಮೇಲೆ ಸತ್ತ ದನ ಎಳೆಯುವುದಿಲ್ಲ, ಊರವರ ಸಾವಿನ ಸುದ್ದಿ ಒಯ್ಯುವುದಿಲ್ಲ ಎಂದು ನೀರು ಮುಟ್ಟಿ ಆಣೆ ಮಾಡಿದರು. ಮನೆಮನೆಯ ದೇವರುಗಳನ್ನು ಹೊಳೆಗೆ ಬಿಟ್ಟರು. ಕೇದಾರಿ ಮುಂದೆ ನಿಂತು ಹೇಳುತ್ತಿದ್ದ, "ಗಂಟ ಬಿಚ್ಚಬ್ಯಾಡ್ರೆವ್ವಾ. ಮುಖಾ ನೋಡಿದ್ರ ಕರಳ ಜಗ್ಗತೈತಿ. ಹಂಗ ಬಿಟ್ಟಬಿಡ್ರಿ." ಉದ್ದವ್ವ ಬಿಚ್ಚಲಿಲ್ಲ. ಬುಟ್ಟಿ ಒಂದು ಸುತ್ತು ತಿರುಗಿ, ಒಡ್ಡಿನ ಅಂಚಿಗೆ ಬಂದು, ಮಗುಚಿ, ಇಳಿದು ಹೋಯಿತು. ಅಂದು ಅವಳು ಹಗುರಾಗಿ ಮನೆಗೆ ಬಂದಿದ್ದಳು.

"ರಸೀದಿ ದೇವರ ಬುಟ್ಟ್ಯಾಗಿದ್ದುವ್ರಿ," ಅಂದಳು.

"ಆಂ?"

ಎರಡನೆಯ ಸಲ ಕೂಗಿ ಹೇಳಬೇಕಾಯಿತು. ಬಾಜೂ ಮನೆಯವರೆಲ್ಲ ಕೇಳಿಸಿಕೊಂಡರು.

ಹಗ್ಗ ಹೊಸೆಯುವ ಕೈ ನಿಂತಿತು. "ಹೊಳೀಗೆ?"

"ಹೊಳೀಗೆ."

ಗುಡ್ಡಪ್ಪ ನಕ್ಕ. ನಗು ಕೆಮ್ಮಾಯಿತು. "ಲಗಮವ್ವ ನನ್ನ ಪಟ್ಟಿ ತುಂಬಾಕ ಹೋಗ್ಯಾಳ ಬಿಡು," ಅಂದ. ಬೈಯಲಿಲ್ಲ. ಬೈದಿದ್ದರೆ ಉದ್ದವ್ವನಿಗೆ ಸಮಾಧಾನವಾಗುತ್ತಿತ್ತು. ದುಂಡವ್ವನ ದೇವರ ಜಗುಲಿ ಇನ್ನೂ ಇದ್ದ ಜಾಗದಲ್ಲೇ ಇದೆ, ಅದರ ಕೆಳಗೆ ಖಂಡೆಪ್ಪನ ರಸೀದಿಗಳೂ ಇವೆ ಎಂದು ನೆನೆದಳು. ಅಲ್ಲಿಯವರೆಗೆ ಸೀರೆಯ ಮೇಲೆ, ತುಪ್ಪದ ಮೇಲೆ ಇದ್ದ ಕಿಚ್ಚು ಅಂದು ದೇವರುಗಳ ಮೇಲೂ ಹತ್ತಿಕೊಂಡಿತು.

"ಸಾಕ್ಷಿ ಹೇಳಾಕ ಖಂಡೆಪ್ಪಣ್ಣ ಅದಾನಲ್ಲ," ಎಂದಳು.

"ಖಂಡೆಪ್ಪನ್ನ ಕೇಳಬ್ಯಾಡ."

"ಯಾಕ್ರಿ?"

ಗುಡ್ಡಪ್ಪ ಮಗಳನ್ನು ನೀರಿಗೆ ಕಳಿಸಿದ. ಆಮೇಲೆ ಹೇಳಿದ. ಪಟ್ಟಿ ತುಂಬುವ ಸಾಲಿನಲ್ಲಿ ವರ್ಷ ವರ್ಷವೂ ಇಬ್ಬರೂ ಜೋಡಿಯಾಗಿ ನಿಲ್ಲುತ್ತಿದ್ದರು. ಖಂಡೆಪ್ಪ ಮುಂದೆ, ಇವನು ಹಿಂದೆ. ಖಂಡೆಪ್ಪನ ರಸೀದಿಗೆ ಯಾವ ನಂಬರೋ ಅದರ ಮುಂದಿನ ನಂಬರು ಇವನ ರಸೀದಿಗೆ. ಇದ್ದದ್ದು ಒಂದೇ ಖೋಲಿ. ಉಂಡದ್ದು ಒಂದೇ ಗಡಿಗೆಯಲ್ಲಿ. ಖಂಡೆಪ್ಪನಿಗೆ ರೊಟ್ಟಿ ಬಡಿಯಲಿಕ್ಕೆ ಬರುತ್ತಿರಲಿಲ್ಲ, ಇವನು ಬಡಿದು ಹಾಕುತ್ತಿದ್ದ. ಹದಿನೆಂಟು ವರ್ಷ. ಕೊನೆಗೆ ಮುಂಬಯಿ ಬಂದರಿನಲ್ಲಿ ಹಡಗು ಇಳಿಯುವಾಗ ಖಂಡೆಪ್ಪ ಇವನ ಎರಡೂ ಕೈ ಹಿಡಿದುಕೊಂಡನಂತೆ. ಊರಲ್ಲಿ ಹೇಳಬೇಡ ಗುಡ್ಡಪ್ಪಾ, ಕುಲದಲ್ಲಿ ನನ್ನನ್ನು ಇಡುವುದಿಲ್ಲ ಎಂದನಂತೆ.

"ಮಾತ ಕೊಟ್ಟೇನಿ," ಅಂದ ಗುಡ್ಡಪ್ಪ.

ಉದ್ದವ್ವ ಲೆಕ್ಕ ಹಾಕಿದಳು. ಮದುವೆಯಾದಾಗಿನಿಂದ ಗಂಡ ಊರು ಬಿಡುವವರೆಗೆ ಎರಡು ವರ್ಷ, ನಡುವೆ ಎರಡು ಸಲ ರಜೆಗೆ ಬಂದಾಗ ನಾಲ್ಕು ನಾಲ್ಕು ತಿಂಗಳು. ಪ್ರಾಯದ ಗಂಡನಿಗೆ ಅವಳು ಬಡಿದು ಹಾಕಿದ ರೊಟ್ಟಿ ಅಷ್ಟೇ. ಅವನು ಬಡಿದು ಹಾಕಿದ ರೊಟ್ಟಿ ದುಂಡವ್ವನ ಗಂಡನ ಹೊಟ್ಟೆಯಲ್ಲಿತ್ತು.

ಮಾತು ಕೊಟ್ಟವನು ಅವನು. ಅವಳಿಗೆ ತಡೆಯಲಾಗಲಿಲ್ಲ. ಜೋಳ ಕೀಳುವ ಸುಗ್ಗಿಯಲ್ಲಿ ದುಂಡವ್ವನ ಹೊಲಕ್ಕೇ ಕೂಲಿಗೆ ಹೋದಳು. ಕಪ್ಪು ನೆಲ ಒಣಗಿ ಬಿರಿದ ಹೊತ್ತು. ದಂಟನ್ನು ಎರಡು ಕೈಯಲ್ಲಿ ಬಿಗಿಹಿಡಿದು ಬೇರು ಸಮೇತ ಕೀಳಬೇಕು. ಸೊಂಟ ಬಿದ್ದುಹೋಗುತ್ತದೆ. ರವದಿ, ದಂಟಿನ ಒಣ ಎಲೆ, ಅಂಗೈ ಕೊಯ್ಯುತ್ತದೆ. ನೀರಡಿಕೆಗೆ ದುಂಡವ್ವ ಬದುವಿನ ಮೇಲೆ ನಿಂತು, ಕೊಡವನ್ನು ಮೊಳದೆತ್ತರ ಎತ್ತಿ, ಬೊಗಸೆಗೆ ಸುರಿದಳು. ಅರ್ಧ ನೀರು ಮೊಳಕೈಯಿಂದ ಇಳಿದು ನೆಲಕ್ಕೆ ಹೋಯಿತು.

"ದುಂಡವ್ವಾರ, ನಿಮ್ಮ ಮನಿಯವರು ಮಾಮಲೇದಾರ ಮುಂದ ಒಂದ ಮಾತ ಹೇಳಿದ್ರ ನಮ್ಮ ಗಂಜಿ ನಡೀತೈತ್ರಿ."

"ಏನ ಮಾತಬೇ?"

"ತಲಿಪಟ್ಟಿ ಇಬ್ರೂ ಕೂಡೇ ತುಂಬೀವಿ ಅಂತ."

ದುಂಡವ್ವ ಕೊಡ ಇಳಿಸಿದಳು. "ನಾ ಕೇಳೇನಿ. ನಿನ್ನ ಗಂಡನ್ನ ಅಲ್ಲಿ ಕಂಡ ನೆನಪ ಇಲ್ಲಂತ ಅವರಿಗೆ."

"ಒಂದ ಶೆಡ್ಡಿನ್ಯಾಗ ಇದ್ರಲ್ರೀ."

"ಶೆಡ್ಡ ಅಂದ್ರ ನಮ್ಮ ದನದ ಕೊಟಗಿ ಅಂತ ಮಾಡಿಯೇನಬೇ ಉದ್ದಿ? ಸಾವಿರ ಮಂದಿ ಇರ್ತಾರಂತ. ಕಲ್ಲಿದ್ದಲ ಮಸಿಯಾಗ ಎಲ್ಲಾರ ಮುಖಾನೂ ಒಂದ. ಯಾರನ್ನಂತ ಗುರತ ಇಟ್ಟಾರು? ಸಾಲ ಹಿಡದ ನಡಿ, ಹೊತ್ತ ಏರಾಕತ್ತೈತಿ."

ನಿನ್ನ ಗಂಡನ ಮೈಯ ಮಾಂಸ ನನ್ನ ಗಂಡನ ಕೈಯ ರೊಟ್ಟಿಯದು ಎಂಬ ಮಾತು ಉದ್ದವ್ವನ ತುಟಿಯವರೆಗೆ ಬಂತು. ನುಂಗಿದಳು. ಸಾಲು ಹಿಡಿದು ಕೀಳುತ್ತ ಹೋದಳು. ಸಂಜೆ ಅವಳ ಸಾಲಿನ ದಂಟಿಗೆಲ್ಲ ಅಂಗೈ ರಕ್ತದ ಕಲೆ.

ಸಾಕ್ಷಿ ಆಮೇಲೆ ನೋಡೋಣ, ಸಹಿಯಾದರೂ ಆಗಲಿ ಎಂದು ಗಂಡಹೆಂಡತಿ ಅಚ್ಚಿನ ಹಾಳೆ ಹಿಡಿದು ಪರಪ್ಪಗೌಡರ ಮನೆಗೆ ಹೋದರು. ಊರ ಪಾಟೀಲಕಿ ಅವರದು. ಗೌಡರು ಕಟ್ಟೆಯ ಮೇಲೆ ಕೂತಿದ್ದರು. ಗುಡ್ಡಪ್ಪ ಅಂಗಳದ ಅಂಚಿಗೆ ನಿಂತ. ಖಂಡೆಪ್ಪನ ಸಹಿಯೂ ವರ್ಷಕ್ಕೊಮ್ಮೆ ಇಲ್ಲೇ ಆಗುತ್ತಿತ್ತು. ಆ ದಿನ ಖಂಡೆಪ್ಪನಿಗೆ ಕಂಬಳಿ ಹಾಸಿ ಚಹಾ ಕೊಡುತ್ತಿದ್ದರು. ಅದೂ ಉದ್ದವ್ವನಿಗೆ ಗೊತ್ತಿತ್ತು.

ಗೌಡರು ಹಾಳೆಯನ್ನು ತಿರುಗಿಸಿ ನೋಡಿದರು. "ಏನಲೇ ಗುಡ್ಡ್ಯಾ, ಬದುಕೀಯೇನು?"

ಕಟ್ಟೆಯ ಮೇಲಿದ್ದವರು ನಕ್ಕರು.

"ಬದುಕೇನ್ರೀ," ಅಂದ ಗುಡ್ಡಪ್ಪ.

"ನನಗ ಹೆಂಗ ಗೊತ್ತಾಗಬೇಕು? ಮಹಾರ ಮನಷ್ಯಾ ಬದುಕ್ಯಾನ ಅನ್ನೂದು ಅವನ ಚಾಕರಿಮ್ಯಾಲ ಗೊತ್ತಾಗತೈತಿ. ಎರಡ ವರ್ಷ ಆತು. ನಿಮ್ಮ ಕೇರಿಯಿಂದ ಒಬ್ಬ ದನಾ ಎಳೀಲಿಲ್ಲ, ಒಬ್ಬ ಸುದ್ದಿ ಒಯ್ಯಲಿಲ್ಲ. ನನ್ನ ಪಾಲಿಗೆ ನೀವೆಲ್ಲಾರೂ ಸತ್ತೀರಿ." ಹಾಳೆಯನ್ನು ಮಡಿಸಿ ಬೆನ್ನ ಹಿಂದಿನ ಗೂಡಿನಲ್ಲಿ ಇಟ್ಟರು. "ಇಲ್ಲಿರಲಿ. ಊರಾಗ ಯಾರರ ಸತ್ತಾಗ ಹೇಳಿ ಕಳಸ್ತೇನಿ. ಒಂದ ಸುದ್ದಿ ಮುಟ್ಟಿಸಿ ಬಾ. ಬಂದ ಮ್ಯಾಲ ಬದುಕೀ ಅಂತ ಬರದ ಕೊಡ್ತೇನಿ."

ಸುದ್ದಿ ಒಯ್ಯುವುದೆಂದರೆ ಹೀಗೆ. ಮೇಲಿನ ಓಣಿಯಲ್ಲಿ ಯಾರು ಸತ್ತರೂ ಪಾಳಿಯ ಮಹಾರ ಕಂಬಳಿ ಹೊದ್ದು, ಕೋಲು ಹಿಡಿದು, ಬೀಗರ ಊರುಗಳಿಗೆ ಓಡಬೇಕು. ಮಳೆಯಿರಲಿ, ಜ್ವರವಿರಲಿ. ಊರೊಳಗೆ ಹೋಗುವಂತಿಲ್ಲ. ಅಗಸಿ ಬಾಗಿಲ ಹೊರಗೆ ನಿಂತು ಮೂರು ಸಲ ಕೂಗಬೇಕು. ಇಂಥ ಊರಿನ ಇಂಥವರ ಮನೆಯ ಇಂಥವರು ತೀರಿದರು, ಇಂಥ ಹೊತ್ತಿಗೆ ಮಣ್ಣು. ಕೇಳಿದ ಹೆಂಗಸರು ಹೊಟ್ಟೆ ಬಡಿದುಕೊಳ್ಳುತ್ತಿದ್ದರು, ಕೂಗಿದವನ ಬಾಯಿಗೆ ಮಣ್ಣು ಬೀಳಲಿ ಎಂದು ಶಪಿಸುತ್ತಿದ್ದರು. ಯಾರಾದರೂ ಒಂದು ರೊಟ್ಟಿ ಎಸೆದರೆ ಕೂಲಿ. ಉದ್ದವ್ವನ ಮಾವ ಹೀಗೆ ಹೋದವನು ಹಾದಿಯಲ್ಲೇ ಸತ್ತಿದ್ದ. ಅವನ ಸುದ್ದಿಯನ್ನು ಯಾರೂ ಎಲ್ಲಿಗೂ ಒಯ್ಯಲಿಲ್ಲ.

ಹಾಳೆ ಗೂಡಿನಲ್ಲಿ ಉಳಿಯಿತು. ಫೆಬ್ರುವರಿ ಹೋಯಿತು. ಉದ್ದವ್ವ ಚಿಕ್ಕವಳಿದ್ದಾಗ ಕೇಳಿದ ಕಥೆಯಲ್ಲಿ ರಾಕ್ಷಸನ ಜೀವ ಏಳು ಸಮುದ್ರದ ಆಚೆ ಗಿಣಿಯೊಳಗೆ ಇರುತ್ತಿತ್ತು. ಅವಳ ಗಂಡನ ಜೀವ ಗೌಡರ ಗೂಡಿನಲ್ಲಿ, ಎಲೆಯಡಿಕೆ ಚಂಚಿಯ ಕೆಳಗೆ ಇತ್ತು. ಅಂಗಳ ಸಾರಿಸಲು ಹೋದಾಗಲೆಲ್ಲ ಅವಳು ಕೆಳಗಿನಿಂದ ಅದರ ಅಂಚು ನೋಡಿ ಬರುತ್ತಿದ್ದಳು.

ಮಾರ್ಚ್ ಮುಗಿಯಲು ಐದು ದಿನವಿದ್ದಾಗ ಗೌಡರ ತಾಯಿ ತೀರಿದಳು. ಹೊತ್ತು ಏರುವ ಮುಂಚೆ ಕರೆ ಬಂತು. ಗುಡ್ಡಪ್ಪ ಬರಬೇಕಂತೆ. ಮುದುಕಿಯ ಮಗಳು ಮೂಡಲಗಿಯಲ್ಲಿ, ತಂಗಿ ನಾಗನೂರಲ್ಲಿ, ತವರು ಹುಕ್ಕೇರಿಯಲ್ಲಿ.

"ಯಪ್ಪಾ, ಹೋಗಬ್ಯಾಡ," ಅಂದಳು ಪದ್ಮವ್ವ. "ನೀರ ಮುಟ್ಟಿ ಆಣಿ ಮಾಡೇವಿ. ನೀ ಒಬ್ಬ ಹೋದ್ರ ನಾಳಿ ಎಲ್ಲಾರನೂ ಕರೀತಾರ."

"ಆಣಿ ಉಣ್ಣಾಕ ಬರತೈತೇನ?" ಎಂದು ಉದ್ದವ್ವ ತಿರುಗಿಬಿದ್ದಳು. "ಅಕಿ ತುಪ್ಪ ಉಣ್ತಾಳ. ನಾ ಆಣಿ ಕಲಿಸಿಕೊಂಡ ಉಣ್ಲ್ಯಾ? ಒಂದ ಸುದ್ದಿ. ಒಂದ ಸಲ. ಯಾರಿಗೇನ ಆಗತೈತಿ?"

"ಯವ್ವಾ, ನಿನ್ನ ಕಣ್ಣಾಗ ದುಂಡವ್ವ ಬಿಟ್ರ ಏನೂ ಇಲ್ಲ."

"ಇಲ್ಲ," ಅಂದಳು ಉದ್ದವ್ವ. "ಹೌದು, ಏನೂ ಇಲ್ಲ."

ಗುಡ್ಡಪ್ಪ ಇಬ್ಬರ ಬಾಯಿ ನೋಡಿಯೇ ಮಾತು ತಿಳಿದುಕೊಂಡ. ಎದ್ದ. ಗಳುವಿನ ಮೇಲಿನಿಂದ ಅಪ್ಪನ ಕಂಬಳಿ ತೆಗೆದು ಹೊದ್ದ. ಮೂಲೆಯ ಕೋಲು ಹಿಡಿದ. ಹಿಡಿದದ್ದೇ ತಡ, ಅವನ ಬೆನ್ನು ಬಾಗಿತು. ಇನ್ನೂ ಹೊಸ್ತಿಲು ದಾಟಿರಲಿಲ್ಲ. ಎದುರಿಗೆ ಯಾರೂ ಇರಲಿಲ್ಲ. ಕೋಲಿಗೆ ತಕ್ಕಂತೆ ಕತ್ತು ಇಳಿಯಿತು, ಮೊಳಕಾಲು ಮಡಚಿತು, ನಿಂತಲ್ಲಿ ಅವಳ ಮಾವನೇ ನಿಂತ ಹಾಗಾಯಿತು. ಬಾಯ್ಲರಿನೊಳಗೆ ಬಾಗಿ ಬಾಗಿ ದುಡಿದು ಬಂದವನೂ ನೆಟ್ಟಗೇ ನಡೆಯುತ್ತಿದ್ದ. ಊರ ಹೊರಗೆ ಬಸ್ಸಿನಿಂದ ಇಳಿದ ದಿನ ಅವನು ನೆಟ್ಟಗೆ ನಡೆದು ಬಂದದ್ದನ್ನು ನೋಡಿ, ಇವನು ನನ್ನ ಗಂಡನೇ ಹೌದೋ ಅಲ್ಲವೋ ಎಂದು ಅವಳು ಹಿಂದೆ ಸರಿದಿದ್ದಳು.

"ಕೂಡ್ರಿ," ಅಂದಳು.

ಅವನಿಗೆ ಕೇಳಿಸಲಿಲ್ಲ. ಅವಳು ಕೋಲು ಕಿತ್ತುಕೊಂಡಳು. "ಕೂಡ್ರಿ. ನಾ ಹೋಗಿ ಬರ್ತೇನಿ."

ಗೌಡರ ಅಂಗಳ ತುಂಬಿತ್ತು. ಕಟ್ಟೆಯ ಮೇಲೆ ಮುದುಕಿಯನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂವು ಮುಡಿಸಿದ್ದರು. ಹೆಂಗಸರ ಗುಂಪಿನಲ್ಲಿ ದುಂಡವ್ವ ಇದ್ದಳು. ಹೊಸ ಇಳಕಲ್ ಸೀರೆ. ಸಾವಿನ ಮನೆಗೂ. ಖಂಡೆಪ್ಪ ಗಂಡಸರ ಸಾಲಿನಲ್ಲಿ ನಿಂತಿದ್ದ.

"ಗುಡ್ಡ್ಯಾ ಎಲ್ಲಿ?" ಅಂದರು ಗೌಡರು.

"ಮನ್ಯಾಗ ಅದಾರ್ರಿ. ಬದುಕ್ಯಾರ."

"ಸುದ್ದಿ ಯಾರ ಒಯ್ಯೂದಬೇ? ನೀ ಏನ?"

"ಗೌಡ್ರ, ನಾವ ಹೋಗಿ ನಿಮ್ಮವ್ವ ತೀರ್ಕೊಂಡಾರ ಅಂದ್ರ ಮೂಡಲಗಿ ನಂಬತೈತಿ. ನಾಗನೂರ ನಂಬತೈತಿ. ಯಾರೂ ಕಾಗದ ಕೇಳೂದಿಲ್ಲ, ಸಿಕ್ಕಾ ಕೇಳೂದಿಲ್ಲ. ನಮ್ಮ ಬಾಯಿಮಾತ ಒಂದ ಸಾಕು, ಒಲಿಮ್ಯಾಲಿನ ಗಡಗಿ ಬಿಟ್ಟ ಅಳಕೋತ ಓಡಿ ಬರ್ತಾರ. ನಿಮ್ಮವರು ಸತ್ತಾರ ಅನ್ನಾಕ ನಮ್ಮ ಮಾತ ನಡೀತೈತಿ. ನಮ್ಮವರು ಬದುಕ್ಯಾರ ಅಂದ್ರ ಯಾಕ ನಡ್ಯೂದಿಲ್ಲ?"

ಅಳು ನಿಂತಿತು. ಭಜನೆಯವರ ತಾಳ ನಿಂತಿತು.

"ಹೆಣದ ಮುಂದ ವ್ಯವಹಾರ ಮಾಡ್ತೀಯೇನಬೇ ಹಲ್ಕಟ್ಟ್?"

"ವ್ಯವಹಾರ ಸುರು ಮಾಡಿದವರು ನೀವರೀ. ಅವತ್ತ ನಿಮ್ಮವ್ವ ಒಳಗ ಕೂತ ಎಲಿ ಕುಟ್ಟಾಕತ್ತಿದ್ರು."

"ಈಗ ಹೋಗ್ತೀಯೋ ಇಲ್ಲೋ?"

"ಹೋಗೂದಿಲ್ಲ." ಅವಳು ಕೋಲನ್ನು ಅಂಗಳದ ನಡುವೆ ಇಟ್ಟಳು. "ನಾ ಹೋಗೂದಿಲ್ಲ. ಅವರೂ ಬರೂದಿಲ್ಲ. ನಮ್ಮ ಕೇರಿಯಿಂದ ಯಾರೂ ಬರೂದಿಲ್ಲ."

ಮನೆಯಿಂದ ಹೊರಟಾಗ ಹೀಗೆ ಹೇಳಬೇಕು ಎಂದು ಅವಳು ಅಂದುಕೊಂಡಿರಲಿಲ್ಲ. ಹೇಳಿಯಾದ ಮೇಲೆ ಕಾಲು ತಾನಾಗಿ ಮುಂದೆ ಹೋಯಿತು. ಕಟ್ಟೆಗೆ ಮೂರು ಮೆಟ್ಟಿಲು. ಇಪ್ಪತ್ತು ವರ್ಷ ಅವಳು ಸೆಗಣಿ ಸಾರಿಸಿದ ಅಂಗಳ ಆ ಮೆಟ್ಟಿಲ ಬುಡಕ್ಕೆ ಮುಗಿಯುತ್ತಿತ್ತು. ಹತ್ತಿದಳು. ಹೆಣದ ಪಕ್ಕದಿಂದ ಹಾದು ಗೂಡಿಗೆ ಕೈ ಹಾಕಿದಳು. ಚಂಚಿ ಸರಿಸಿ ಹಾಳೆ ತೆಗೆದುಕೊಂಡಳು. ಅವಳನ್ನು ತಡೆಯಬೇಕಾದರೆ ಯಾರಾದರೂ ಅವಳನ್ನು ಮುಟ್ಟಬೇಕಿತ್ತು. ಯಾರೂ ಮುಟ್ಟಲಿಲ್ಲ. ದಾರಿ ಬಿಟ್ಟು ಹಿಂದೆ ಸರಿದರು.

ಗೌಡರು ಬೈದು ಮುಗಿಸಿ ಸುತ್ತ ನೋಡಿದರು. ಹೆಣ ಕಾಯುವುದಿಲ್ಲ. "ಖಂಡೆಪ್ಪಾ, ಮೂಡಲಗೀಗೆ ನೀ ಹೋಗು."

ಖಂಡೆಪ್ಪನ ಮುಖ ಕಪ್ಪಿಟ್ಟಿತು. ಮಹಾರ ಕೆಲಸ. ದುಂಡವ್ವ ಸೆರಗು ಬಾಯಿಗೆ ಹಚ್ಚಿಕೊಂಡಳು.

ಮೆಟ್ಟಿಲು ಇಳಿದ ಉದ್ದವ್ವ ಅವನೆದುರು ನಿಂತಳು. "ಖಂಡೆಪ್ಪಣ್ಣಾ, ಮಾಮಲೇದಾರ ಮುಂದ ಬ್ಯಾಡ. ಇಲ್ಲೇ, ಇಷ್ಟ ಮಂದಿ ಮುಂದ ಒಂದ ಸಲ ಹೇಳ್ರಿ. ನಮ್ಮ ಮನಿಯವರನ್ನ ಅಲ್ಲಿ ಕಂಡೀರೋ ಇಲ್ಲೋ?"

ಖಂಡೆಪ್ಪ ಹೆಂಡತಿಯನ್ನು ನೋಡಿದ. ಗೌಡರನ್ನು ನೋಡಿದ. ಬಗ್ಗಿ, ಅಂಗಳದ ನಡುವೆ ಬಿದ್ದಿದ್ದ ಕೋಲನ್ನು ಎತ್ತಿಕೊಂಡ.

"ಹೊತ್ತಾತು," ಎಂದು ಹೊರಟುಹೋದ.

ಉದ್ದವ್ವ ಮನೆಗೆ ಬಂದು ಹಾಳೆಯನ್ನು ಪದ್ಮವ್ವನ ಕೈಗೆ ಕೊಟ್ಟಳು. "ಗೋಕಾಕಕ್ಕ ನಡೀರಿ. ಮಾಮಲೇದಾರನ್ನ ಕೇಳೂಣು. ಐದ ಹರದಾರಿ. ಇವತ್ತ ಮುಟ್ಟದಿದ್ರ ನಾಳಿ ಮುಟ್ತೇವಿ." ಮೂವರೂ ಹೊರಟರು. ಗುಡ್ಡಪ್ಪ ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ.

ಮೂಡಲಗಿಯ ಹಾದಿ ಕವಲೊಡೆಯುವಲ್ಲಿ ಖಂಡೆಪ್ಪ ನಿಂತಿದ್ದ. ಇವರಿಗಾಗಿಯೇ ಕಾದಿರಬೇಕು. ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿ, ಗುಡ್ಡಪ್ಪನ ಕಡೆಗೆ ಬಾಗಿ, ಮೆಲ್ಲಗೆ ಕೇಳಿದ. "ಹಬಾರಿ?"

ಹೆಂಡತಿ ಕೂಗಿದರೂ ಎರಡನೆಯ ಸಲಕ್ಕೆ ಕೇಳಿಸುವ ಗುಡ್ಡಪ್ಪನಿಗೆ ಅದು ಕೇಳಿಸಿತು. ಅವನ ಮುಖ ಅರಳಿತು. ಉದ್ದವ್ವ ಅಂಥ ಮುಖ ಎಂದೂ ನೋಡಿರಲಿಲ್ಲ.

"ಮ್ಜೂರಿ," ಅಂದ.

ಖಂಡೆಪ್ಪ ತಲೆ ಆಡಿಸಿದ. ಕಣ್ಣೊರೆಸಿಕೊಂಡ. ಮೂಡಲಗಿಯ ಹಾದಿ ಹಿಡಿದು ಹೋದ.

"ಏನಂದ್ರು?" ಉದ್ದವ್ವ ಕೂಗಿದಳು.

"ಅಲ್ಲೀ ಮಾತದು. ಏನ ಸುದ್ದಿ ಅಂದ."

"ನೀವ ಏನಂದ್ರಿ?"

"ಚಲೋ ಅಂದೆ."

ದೂರ ಹೋಗುತ್ತಿದ್ದ ಖಂಡೆಪ್ಪನ ಬೆನ್ನನ್ನು ಉದ್ದವ್ವ ನೋಡಿದಳು. ಮೂರು ವರ್ಷ ಅವಳು ಸೀರೆಯನ್ನು ನೋಡಿ ಉರಿದಿದ್ದಳು, ಬಳೆ ನೋಡಿ, ತುಪ್ಪ ನೋಡಿ ಉರಿದಿದ್ದಳು. ಅದೆಲ್ಲ ಬೂದಿ. ಅವಳ ಗಂಡನ ಹದಿನೆಂಟು ವರ್ಷ ಆ ಮನುಷ್ಯನ ಹತ್ತಿರ ಇತ್ತು. ಗಂಡನ ಪ್ರಾಯ, ಅವನ ನಗು, ಅವನು ಬಡಿದ ರೊಟ್ಟಿ, ಅವರಿಬ್ಬರಿಗೇ ತಿಳಿಯುವ ಮಾತು. ಅವಳಿಗೆ ಬಂದದ್ದು ಕೆಮ್ಮು. ಅಷ್ಟೂ ವರ್ಷವನ್ನು ಖಂಡೆಪ್ಪ ಎದೆಯಲ್ಲಿ ಮುಚ್ಚಿಟ್ಟುಕೊಂಡು, ಯಾರೂ ಇಲ್ಲದ ಹಾದಿಯಲ್ಲಿ ಒಂದು ಮಾತು ಕೊಟ್ಟು, ಊರ ಮುಂದೆ ಕಂಡಿಲ್ಲ ಎಂದು ಬಿಡುತ್ತಾನೆ.

"ಅದನ್ನ ನಾ ಹೇಳ್ತೇನಿ," ಅಂದಳು.

ಗುಡ್ಡಪ್ಪನಿಗೆ ಅರ್ಥವಾಯಿತು. "ಬ್ಯಾಡ. ಮಾತ ಕೊಟ್ಟೇನಿ."

"ನೀವ ಕೊಟ್ಟೀರಿ. ನಾ ಕೊಟ್ಟಿಲ್ಲ."

ಹಾದಿಯ ಮೊದಲ ಊರು ಮೇಲವಂಕಿಯ ಅಗಸಿಗೆ ಬಂದಾಗ ಹೊತ್ತು ಇಳಿದಿತ್ತು. ಸುದ್ದಿಯವರು ನಿಲ್ಲುವ ಜಾಗ ಅವಳಿಗೆ ಗೊತ್ತಿತ್ತು. ಅಲ್ಲಿ ನಿಂತಳು. ಬಾಯಿ ತೆರೆದಳು, ಮಾತು ಬರಲಿಲ್ಲ. ಸುದ್ದಿಗೆ ಹೆಸರು ಬೇಕು. ಮದುವೆಯಲ್ಲಿ ಒಗಟು ಕಟ್ಟಿ ಹೇಳಿದ್ದು ಬಿಟ್ಟರೆ ಗಂಡನ ಹೆಸರು ಅವಳ ನಾಲಿಗೆಗೆ ಬಂದಿರಲಿಲ್ಲ. ಪದ್ಮವ್ವ ಅವಳ ಮುಖ ನೋಡಿ, "ನಾ ಕೂಗಲೇನಬೇ ಯವ್ವಾ?" ಅಂದಳು. ಉದ್ದವ್ವ ಬೇಡವೆಂದು ಕೈ ಮಾಡಿದಳು. ಕಿವುಡನ ಸಂಗಡ ವರ್ಷಗಟ್ಟಲೆ ಮಾತಾಡಿದ ಗಂಟಲು ಅದು.

"ಕೇಳ್ರೆಪೋ ಮೇಲವಂಕಿಯವರಾ. ನನ್ನ ಗಂಡ ಗುಡ್ಡಪ್ಪ ಬದುಕ್ಯಾನ. ಆಫ್ರಿಕಾದಾಗ ತಲಿಪಟ್ಟಿ ತುಂಬ್ಯಾನ. ಕುರುಬರ ಖಂಡೆಪ್ಪನ ಬೆನ್ನ ಹಿಂದ ನಿಂತ ತುಂಬ್ಯಾನ. ಹದಿನೆಂಟ ವರ್ಷ ಇಬ್ರೂ ಒಂದ ಗಡಗಿಯಾಗ ಉಂಡಾರ. ಖಂಡೆಪ್ಪನ ರಸೀದಿ ತಗದ ನೋಡ್ರಿ. ಮುಂದಿನ ನಂಬರ ನನ್ನ ಗಂಡಂದು."

ಮೂರು ಸಲ ಕೂಗಿದಳು. ಹೆಂಗಸರು ಎದೆಗೆ ಕೈ ಹಚ್ಚಿ ಓಡಿ ಬಂದರು.

"ಯಾರ ಸತ್ತಾರಂತ?"

"ಯಾರೂ ಸತ್ತಿಲ್ಲಂತ."

"ಹಂಗಾರ ಯಾಕ ಒದರಾಕತ್ತಾಳು?"

"ಬದುಕ್ಯಾನಂತ. ಅದನ್ನ ಒದರಾಕತ್ತಾಳ."

ಗುಡ್ಡಪ್ಪ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಕಲ್ಲಿನ ಮೇಲೆ ಕೂತಿದ್ದ. ಹೆಂಡತಿಯ ಬಾಯಲ್ಲಿ ತನ್ನ ಹೆಸರು ಕೇಳಿ ಅಳುತ್ತಿದ್ದನೋ, ಮಾತು ಮುರಿದದ್ದಕ್ಕೆ ಅಳುತ್ತಿದ್ದನೋ. ಅವಳು ಕೇಳಲಿಲ್ಲ. ಆ ರಾತ್ರಿ ಮೇಲವಂಕಿಯ ಕೇರಿಯಲ್ಲಿ ಮಲಗಿದರು. ಬೆಳಗ್ಗೆ ಹಾದಿಯ ಮೇಲಿನ ಪ್ರತಿ ಅಗಸಿಯಲ್ಲೂ ಅವಳು ನಿಂತಳು, ಕೂಗಿದಳು. ಮೂರನೆಯ ಊರಿನಲ್ಲಿ ಗುಡ್ಡಪ್ಪ ಕಂಬಳಿ ತೆಗೆದು ಮಡಿಸಿ ಮಗಳ ಕೈಗೆ ಕೊಟ್ಟ. ಹೆಂಡತಿಯ ಪಕ್ಕಕ್ಕೆ ಬಂದು, ಜನರಿಗೆ ಕಾಣುವ ಹಾಗೆ, ನೆಟ್ಟಗೆ ನಿಂತ.

ಗೋಕಾಕದ ಕಚೇರಿಯ ಮುಂದೆ ಬಂದಾಗ ಮಧ್ಯಾಹ್ನ. ಬಾಗಿಲಲ್ಲಿದ್ದ ಪಟ್ಟೇವಾಲ ಪಾಟೀಲರ ವರದಿ ಎಲ್ಲಿ ಎಂದ. ಇಲ್ಲ ಅಂದರು. ಹಾಗಾದರೆ ಒಳಗೆ ಬಿಡುವುದಿಲ್ಲ ಎಂದ. ಉದ್ದವ್ವ ಮೆಟ್ಟಿಲ ಕೆಳಗೆ ನಿಂತು ಸೆರಗು ಸೊಂಟಕ್ಕೆ ಸಿಗಿಸಿದಳು. ಒಂದು ಸಲ ಕೂಗಿದಳು. ಒಳಗೆ ಟೈಪು ಮಾಡುವ ಸದ್ದು ನಿಂತಿತು. ಎರಡನೆಯ ಸಲ ಕೂಗಿದಳು. ಕಿಟಕಿಗಳು ತೆರೆದವು. ಮೂರನೆಯ ಸಲಕ್ಕೆ ಕಾರಕೂನನೊಬ್ಬ ಕಿವಿಗೆ ಲೇಖಣಿ ಸಿಗಿಸಿಕೊಂಡು ಹೊರಗೆ ಬಂದ.

"ಏನ ಗದ್ದಲಬೇ ಇದು? ಯಾರ ಸತ್ತಾರು?"

"ಯಾರೂ ಸತ್ತಿಲ್ರೀ ಸಾಹೇಬ್ರ," ಅಂದಳು ಉದ್ದವ್ವ. "ಅದನ್ನ ಹೇಳಾಕ ಬಂದೇನಿ. ಬರಕೋರಿ."